ಅನ್ಯಾಯ ಹುಡುಕಿಕೊಂಡು ಹೋದವನು

ಹೋದ ವಾರ ಅವನು ಹೇರೋಹಳ್ಳಿ ಬಿಟ್ಟು ಹೋದ. ಈ ಸಲ ಎರಡು ವರ್ಷಕ್ಕೆ. ಮೊದಲ ಸಲ ವಿದೇಶಕ್ಕೆ ಹೋದದ್ದು ಜಗತ್ತಿನ ಅನ್ಯಾಯವನ್ನು ಎದುರಿಸಲು. ಈಗ ಹೋಗಿರುವುದು ಅದೇ ವಿಷಯದಲ್ಲಿ ಎಂ.ಎ. ಮಾಡಲು. ಎದುರಿಸುವುದು ಮುಗಿಯಿತು, ಇನ್ನು ಪ್ರಮಾಣಪತ್ರ ಒಂದು ಬಾಕಿ ಎಂದು ಕಾಣುತ್ತದೆ. ಬೀದಿಯವರೆಲ್ಲ ಅವನ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದಾರೆ. ಆ ಮಾತುಗಳಲ್ಲಿ ಹೆಚ್ಚಿನವು ನನ್ನ ಡೈರಿಗೆ ಹೊಂದುತ್ತಿಲ್ಲ. ಆದ್ದರಿಂದ ನಾನು ಕಂಡಷ್ಟನ್ನು ಬರೆದಿಡುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬೇಕಾದವರಿಗೆ ಮಾಗಡಿ ರಸ್ತೆಯ ಫ್ಲೆಕ್ಸ್‌ಗಳಲ್ಲಿ ಸಿಗುತ್ತದೆ.

ನಾವಿಬ್ಬರೂ ಒಂದೇ ಬೀದಿಯವರು, ಒಂದೇ ವಯಸ್ಸಿನವರು, ಬೇರೆ ಬೇರೆ ಶಾಲೆಯವರು. ಸಣ್ಣವರಿದ್ದಾಗ ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಬ್ಯಾಟು ಅವನದು. ಔಟಾದರೆ ಬ್ಯಾಟು ಎತ್ತಿಕೊಂಡು ಮನೆಗೆ ಹೋಗುವವನಲ್ಲ. ಅಷ್ಟು ಸಣ್ಣತನ ಅವನಲ್ಲಿ ಇರಲಿಲ್ಲ. ತಾನು ಔಟಾದದ್ದು ನ್ಯಾಯವೇ ಎಂದು ಪಿಚ್ಚಿನ ನಡುವೆ ನಿಂತು ಚರ್ಚೆ ಮಾಡುತ್ತಿದ್ದ. ಚರ್ಚೆ ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ನನಗೆ ಬ್ಯಾಟಿಂಗ್ ಸಿಕ್ಕ ದಿನಗಳು ಕಡಿಮೆ.

ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಮೂರು ಅಂತಸ್ತಿನ ಮನೆ ಇದೆ. ಪಕ್ಕದಲ್ಲಿ ಬಾಡಿಗೆಗೆ ಕೊಟ್ಟ ಏಳು ಶೀಟ್ ಮನೆಗಳಿದ್ದವು. ಒಂದು ಬೋರ್‌ವೆಲ್, ಎರಡು ನೀರಿನ ಟ್ಯಾಂಕರ್ ಕೂಡ ಅವರವೇ. ಹೀಗಾಗಿ ಡಿಗ್ರಿ ಮುಗಿದ ಮೇಲೆ ನಾವೆಲ್ಲ ಕೆಲಸ ಹುಡುಕಿಕೊಂಡು ಹೊರಟಾಗ ಅವನು ಅನ್ಯಾಯ ಹುಡುಕಿಕೊಂಡು ಹೊರಟ. ಒಂದು ವರ್ಷ ಓದೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೆ ಗ್ಯಾಪ್ ಇಯರ್ ಎನ್ನುತ್ತಾರೆ ಎಂದು ನನಗೆ ತಿಳಿಸಿಕೊಟ್ಟವನು ಅವನೇ. ನಮ್ಮ ಬೀದಿಯಲ್ಲಿ ಅಂಥ ವರ್ಷ ಹಲವರದು ಕಳೆದಿತ್ತು. ಅದಕ್ಕೊಂದು ಹೆಸರಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅವನು ಹೊರಡುವ ಹಿಂದಿನ ದಿನ ಸುಂಕದಕಟ್ಟೆಯ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸಿದರು. ಅದರ ಒಕ್ಕಣೆಯನ್ನು ಅವನ ಚಿಕ್ಕಪ್ಪ ಮಾಗಡಿ ರಸ್ತೆಯ ಗಲಾಟೆಯಲ್ಲಿ ನಿಂತು ಫೋನಿನಲ್ಲಿ ಹೇಳಿ ಬರೆಸಿದ್ದರು. 'ವಿರುದ್ಧ' ಎನ್ನುವ ಪದ ಯಾವುದೋ ಲಾರಿಯ ಹಾರನ್ನಿಗೆ ಸಿಕ್ಕಿ ಹೋಗಿತ್ತು. ಕೊನೆಗೆ ಅಚ್ಚಾದದ್ದು ಹೀಗೆ: 'ಜಾಗತಿಕ ಅನ್ಯಾಯಕ್ಕಾಗಿ ಒಂದು ವರ್ಷ ವಿದೇಶಕ್ಕೆ ತೆರಳುತ್ತಿರುವ ಯುವ ನಾಯಕನಿಗೆ ಹಾರ್ದಿಕ ಶುಭಾಶಯಗಳು.'

ಟೀ ಅಂಗಡಿಯ ಮುಂದೆ ನಿಂತಿದ್ದ ಹುಡುಗರಿಗೆ ಆ ಸಂಜೆ ಬೇರೆ ಮಾತೇ ಇರಲಿಲ್ಲ.

"ಅಲ್ಲಾ ಗುರು, ಅನ್ಯಾಯಕ್ಕಾಗಿ ಅಷ್ಟು ದೂರ ಯಾಕೋ? ಇಲ್ಲಿ ಸ್ಟಾಕ್ ಇರ್ಲಿಲ್ವಾ?"

"ಇಲ್ಲಿಂದು ಲೋಕಲ್ ಮಾಲು ಕಣೋ. ಅವ್ನಿಗೆ ಇಂಪೋರ್ಟೆಡ್ ಬೇಕು."

ಅವನು ಫ್ಲೆಕ್ಸ್ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಅವನಿಗೆ ಕನ್ನಡ ಓದಲು ಬರುವುದಿಲ್ಲವೆಂದಲ್ಲ, ಓದುವ ಅಭ್ಯಾಸವಿಲ್ಲ. ತನ್ನ ಹೆಸರು ಎಲ್ಲಿದೆ ಎಂದು ನೋಡಿದ, ಸಾಕಾಯಿತು.

ಹೋದದ್ದು ಪೂರ್ವ ಆಫ್ರಿಕಾದ ಒಂದು ಊರಿಗೆ. ಇಂಥ ಹುಡುಗರನ್ನು ಕರೆದುಕೊಂಡು ಹೋಗುವ ಸಂಸ್ಥೆಗಳಿವೆಯಂತೆ. ಸೇವೆ ಮಾಡುವವರೇ ಶುಲ್ಕ ಕಟ್ಟಬೇಕಂತೆ. ಅವನ ಅಮ್ಮ ಇದನ್ನು ನಮ್ಮ ಅಮ್ಮನಿಗೆ ಹೆಮ್ಮೆಯಿಂದ ಹೇಳಿದರು. "ಅಲ್ಲಿ ಕೆಲಸ ಮಾಡೋಕೆ ನಾವೇ ದುಡ್ಡು ಕಟ್ಟಿದೀವಿ ಕಣ್ರೀ." ನಮ್ಮಮ್ಮ ನಿಜವಾಗಿಯೂ ಅರ್ಥವಾಗದೆ ಕೇಳಿದಳು: "ಅರ್ಧಕ್ಕೆ ಕೆಲಸ ಬಿಟ್ರೆ ವಾಪಸ್ ಕೊಡ್ತಾರಾ?"

ಅಲ್ಲಿಂದ ಅವನು ನನಗೆ ಧ್ವನಿ ಸಂದೇಶ ಕಳಿಸುತ್ತಿದ್ದ. ಒಂದು ನೆನಪಿದೆ, ಏಕೆಂದರೆ ಅದನ್ನು ಕೇಳಿದಾಗ ನಾನು ಬಿಂದಿಗೆ ಹಿಡಿದು ಟ್ಯಾಂಕರ್ ಸಾಲಿನಲ್ಲಿದ್ದೆ. ಅವನ ದನಿ ನಡುಗುತ್ತಿತ್ತು. "ಗುರು, ಇಲ್ಲಿ ಹೆಂಗಸ್ರು ನೀರಿಗೋಸ್ಕರ ಗಂಟೆಗಟ್ಲೆ ಕ್ಯೂ ನಿಲ್ತಾರೆ. ನಂಬ್ತೀಯಾ? ಈ ಕಾಲದಲ್ಲಿ! ನೀರನ್ನ ಮಾರೋ ಒಬ್ಬ ಇದಾನೆ, ಅವನ ಮುಖ ನೋಡಿದ್ರೆ ಮೈ ಉರಿಯುತ್ತೆ." ಹಿಂದಿನಿಂದ ಯಾರೋ ಬಿಂದಿಗೆ ಮುಂದಿಡಲು ಹೇಳಿದರು. ಟ್ಯಾಂಕರ್ ಅವನ ಅಪ್ಪನದು. ಪೈಪು ಹಿಡಿದು ನಿಂತವರು ಅವನ ಚಿಕ್ಕಪ್ಪ.

ವರ್ಷ ಮುಗಿಸಿ ವಾಪಸ್ಸೂ ಬಂದ. ಕೊರಳಲ್ಲಿ ಮಣಿಸರ, ಕಾಲಲ್ಲಿ ಟೈರಿನ ಚಪ್ಪಲಿ. ಆ ಚಪ್ಪಲಿಯನ್ನು ನಮ್ಮ ಹೆಗ್ಗನಹಳ್ಳಿಯ ಸಂತೆಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಹೊಸದಾಗಿ ಎರಡು ಅಭ್ಯಾಸಗಳು ಬಂದಿದ್ದವು. ಒಂದು, ಯಾರ ಮನೆಗೆ ಹೋದರೂ ಕುರ್ಚಿ ಬಿಟ್ಟು ನೆಲದ ಮೇಲೆ ಕೂರುವುದು. ಶೀಟ್ ಮನೆಯಲ್ಲಿ ಬಾಡಿಗೆಗಿದ್ದ ಬಾದಾಮಿ ಕಡೆಯ ದೇವಮ್ಮನಿಗೆ ಇದರಿಂದ ಬಹಳ ತೊಂದರೆಯಾಯಿತು. "ಮಾಲಕರ ಮಗ ನೆಲಕ್ಕ ಕುಂತ್ರ ನಾವೆಲ್ಲಿ ಕುಂದ್ರೂಣ್ರಿ?" ಎಂದು ನಮ್ಮಮ್ಮನ ಹತ್ತಿರ ಹೇಳಿಕೊಂಡಳು. ಅವನು ಬಂದಷ್ಟು ಹೊತ್ತೂ ಇಡೀ ಸಂಸಾರ ಗೋಡೆಗೆ ಒರಗಿ ನಿಂತಿರುತ್ತಿತ್ತು. ಅದನ್ನು ಅವನು ಆತ್ಮೀಯತೆ ಎಂದುಕೊಂಡ.

ಎರಡನೆಯದು, ಕಣ್ಣು ಮುಚ್ಚಿ ಕೇಳಿಸಿಕೊಳ್ಳುವುದು. ಯಾರಾದರೂ ತಮ್ಮ ಕಷ್ಟ ಹೇಳಿಕೊಳ್ಳಲು ಶುರು ಮಾಡಿದರೆ ಕೈಯನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ. ಮುಗಿದ ಮೇಲೂ ಸ್ವಲ್ಪ ಹೊತ್ತು ತೆರೆಯುತ್ತಿರಲಿಲ್ಲ. ನಮ್ಮ ಬೀದಿಯ ಒಬ್ಬ ಅಜ್ಜಿ, ಹುಡುಗನಿಗೆ ತಲೆ ಸುತ್ತಿತೆಂದು ನೀರು ತಂದು ಕೊಟ್ಟಿದ್ದರು.

ಬಂದ ಮೊದಲ ಭಾನುವಾರ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದವರೆಗೆ ಮಾತಾಡಿದ. ಆ ದಿನದ ಪುಟದಲ್ಲಿ ನಾನು ಗೆರೆ ಎಳೆದು ಇಟ್ಟ ಲೆಕ್ಕ ಹೀಗಿದೆ: 'ಸ್ಪೇಸ್' ಇಪ್ಪತ್ತಮೂರು, 'ಸಿಸ್ಟಮ್' ಹದಿನೇಳು, 'ನೀನು ಹೇಗಿದ್ದೀಯ' ಸೊನ್ನೆ.

ಆ 'ಸ್ಪೇಸ್' ಎಂಬ ಪದದಿಂದಲೇ ಎಲ್ಲ ಶುರುವಾದದ್ದು. ಅನ್ಯಾಯದ ಬಗ್ಗೆ ಜನ ಮನಸ್ಸು ಬಿಚ್ಚಿ ಮಾತಾಡಲು ಒಂದು ಸ್ಪೇಸ್ ಬೇಕು, ವಿದೇಶದ ಗೆಳೆಯರು ಮಾರ್ಚ್‌ನಲ್ಲಿ ಬರುತ್ತಾರೆ, ಆಗ ಅದನ್ನು ಆರಂಭಿಸಬೇಕು ಎಂದು ಅವನು ಮನೆಯಲ್ಲಿ ಹೇಳಿದ. ಅವನ ಅಪ್ಪನಿಗೆ ತಿಳಿದದ್ದು ಬೇರೆ.

"ಸ್ಪೇಸ್ ಅಂದ್ರೆ ಸೈಟ್ ತಾನೆ? ಅದಕ್ಯಾಕೋ ಹೊರಗಡೆ ಹುಡುಕ್ತೀಯಾ? ಶೀಟ್ ಮನೆ ಕೆಡವಿಸಿದ್ರೆ ಎರಡು ಥರ್ಟಿ ಫಾರ್ಟಿ ಸೈಟ್ ಸಿಗುತ್ತೆ."

ಮಾತುಮಾತಿಗೆ ನಮ್ಮನ್ನೆಲ್ಲ ತಿದ್ದುತ್ತಿದ್ದ ಅವನು ಆ ಒಂದು ತಪ್ಪನ್ನು ಮಾತ್ರ ತಿದ್ದಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಆರು ಮನೆಯವರು ಖಾಲಿ ಮಾಡಿದರು. ದೇವಮ್ಮನ ಮನೆಯೊಂದೇ ಉಳಿಯಿತು. ಆಕೆಯ ಗಂಡ ಗಾರೆ ಕೆಲಸದವನು. ಮಗಳು ರೇಣುಕಾ ಸುಂಕದಕಟ್ಟೆಯ ಶಾಲೆಯಲ್ಲಿ ಹತ್ತನೆಯ ತರಗತಿ. ಮಾರ್ಚ್ ಕೊನೆಗೆ ಪಬ್ಲಿಕ್ ಪರೀಕ್ಷೆ. ಪ್ರತಿ ಭಾನುವಾರ ಸಂಜೆ ನಮ್ಮ ಮೆಟ್ಟಿಲ ಮೇಲೆ ಅವಳಿಗೆ ನಾನು ಗಣಿತ ಹೇಳಿಕೊಡುತ್ತಿದ್ದೆ. ಅವಳ ಅಪ್ಪನಿಗೆ ಮುಂದಿನ ಕೆಲಸ ಕೆಂಗೇರಿಯಿಂದಾಚೆ ಒಂದು ಹೊಸ ಬಡಾವಣೆಯಲ್ಲಿ ಸಿಕ್ಕಿತ್ತು. ಅಲ್ಲಿ ಇರಲು ಒಂದು ಶೆಡ್ ಕೂಡ ಕೊಡುತ್ತಿದ್ದರು. ಆದರೆ ಅಲ್ಲಿಂದ ಶಾಲೆಗೆ ಬರಲು ಮಣ್ಣುದಾರಿಯಲ್ಲಿ ನಡೆದು, ಎರಡು ಬಸ್ಸು ಬದಲಿಸಬೇಕು. ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇದ್ದು ಆಮೇಲೆ ಹೋಗಬೇಕೆಂದು ಅವರ ಯೋಚನೆ. ಅವರಿಗೆ ಬೇಕಾದದ್ದು ಅಷ್ಟೇ, ಆರೇಳು ವಾರ.

ಆ ಆರೇಳು ವಾರಕ್ಕೆ ಕಾವಲಾಗಿ ನಿಂತದ್ದು ಒಂದು ಶಾಸ್ತ್ರ. ಅವನ ಅಕ್ಕ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಏಪ್ರಿಲ್ ನಡುವೆ ಹೆರಿಗೆ ಎಂದು ಡಾಕ್ಟರ್ ಹೇಳಿದ್ದರು. "ಬಸುರಿ ಹೆಂಗಸು ಮನೇಲಿರುವಾಗ ಗೋಡೆ ಕೆಡವೋ ಹಾಗಿಲ್ಲ," ಎಂದು ಅವನ ಅಮ್ಮ ಪಟ್ಟು ಹಿಡಿದರು. ಅಪ್ಪ ಗೊಣಗಿಕೊಂಡು ಸುಮ್ಮನಾದರು.

ದೇವಮ್ಮನ ಮುಖದಲ್ಲಿ ನಗು ಬಂತು. "ಅಕ್ಕಾರು ಸಾವಕಾಶ ಹಡೀಲಿ. ಗಡಿಬಿಡಿ ಏನೈತಿ?" ಎಂದಳು. ರೇಣುಕಾ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, "ಗಣಿತ ಪೇಪರ್ ಮುಗಿಯೂ ತನಕ ಕೂಸು ಒಳಗ ಇರ್ಲಿ ಬಿಡವ್ವ," ಎಂದಳು. ಯಾರದೋ ಮಗುವಿನ ದಿನಗಳನ್ನು ಇವರು ಇಷ್ಟು ಅಕ್ಕರೆಯಿಂದ ಎಣಿಸುತ್ತಿರುವುದು ಆ ಮನೆಯವರಿಗೆ ಗೊತ್ತಿರಲಿಲ್ಲ.

ಶಾಸ್ತ್ರವನ್ನೇ ನೆಚ್ಚಿ ಕೂರುವುದು ನನಗೆ ಸರಿ ಕಾಣಲಿಲ್ಲ. ಹೆರಿಗೆ ಬೇಗ ಆಗಿಬಿಡಬಹುದು. ಫೆಬ್ರವರಿಯ ಒಂದು ಸಂಜೆ ಅವನ ಮನೆಯ ಟೆರೇಸಿಗೆ ಹೋದೆ.

"ಮಗಾ, ನಿಮ್ಮಪ್ಪಂಗೆ ಒಂದು ಮಾತು ಹೇಳು. ರೇಣುಕಾ ಪರೀಕ್ಷೆ ಮುಗಿಯೋವರೆಗೂ ಆ ಒಂದು ಮನೆ ಮುಟ್ಟೋದು ಬೇಡ."

ಅವನು ಎದೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ. ನಾನು ಶಾಲೆ, ಬಸ್ಸು, ಕೆಂಗೇರಿ ಎಲ್ಲ ವಿವರಿಸಿದೆ. ಮುಗಿದ ಮೇಲೆ ಕಾದೆ.

"ತುಂಬಾ ಹೆವಿ ಇದೆ ಗುರು ಇದು," ಎಂದ ಕಣ್ಣು ತೆರೆದು. "ಥ್ಯಾಂಕ್ಸ್ ಫಾರ್ ಶೇರಿಂಗ್."

"ಶೇರಿಂಗ್ ಬಿಡು. ಹೇಳ್ತೀಯಾ?"

"ಹಂಡ್ರೆಡ್ ಪರ್ಸೆಂಟ್. ಮನೇಲಿ ಎಲ್ರನ್ನೂ ಕೂರಿಸ್ಕೊಂಡು ಮಾತಾಡ್ತೀನಿ."

ಮೂರನೆಯ ದಿನ ರಾತ್ರಿ ಊಟದ ಹೊತ್ತಿಗೆ ಅವನ ಸಂದೇಶ ಬಂತು: 'ಮಾತಾಡಿದೆ ಗುರು. ಅಮ್ಮ ಒಪ್ಪಿದ್ರು!' ನಾನು ತಟ್ಟೆ ಬಿಟ್ಟು ಎದ್ದು ಹೋಗಿ ದೇವಮ್ಮನಿಗೆ ಹೇಳಿದೆ. ಆಕೆ ಆ ಹೊತ್ತಿನಲ್ಲಿ ಚಹಾ ಮಾಡಿ ಕುಡಿಸಿದಳು. ಅವನ ಅಮ್ಮ ಏಕೆ ಒಪ್ಪಬೇಕಿತ್ತು, ಅವರು ಮೊದಲಿಂದಲೂ ನಮ್ಮ ಕಡೆಯೇ ಇದ್ದರಲ್ಲ ಎಂಬುದು ಚಹಾ ಕುಡಿಯುವಾಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅವನ ಅಪ್ಪ ಬಂದು ಶೀಟ್ ಮನೆಯ ಬಾಗಿಲಲ್ಲಿ ನಿಂತರು.

"ಭಾನುವಾರ ಜೆಸಿಬಿ ಬರುತ್ತೆ. ಅಷ್ಟ್ರೊಳಗೆ ಖಾಲಿ ಮಾಡ್ಕೊಡಿ."

"ಅಕ್ಕಾರು ಬಸರದಾರಲ್ರಿ ಯಪ್ಪಾ?" ಎಂದಳು ದೇವಮ್ಮ.

"ಅವಳನ್ನ ವಿಜಯನಗರಕ್ಕೆ, ಅತ್ತೆ ಮನೆಗೆ ಕಳಿಸ್ತಾ ಇದೀವಿ. ನನ್ ಮಗ ಕೂರಿಸ್ಕೊಂಡು ಎಲ್ಲ ಬಿಡಿಸಿ ಹೇಳ್ದ. ಇನ್ಮೇಲೆ ಆ ಮೂಢನಂಬಿಕೆ ಎಲ್ಲ ಇಲ್ಲ ನಮ್ಮನೇಲಿ."

ಆ ಮನೆಯಲ್ಲಿ ನಡೆದದ್ದನ್ನು ಆಮೇಲೆ ಅವನ ಅಮ್ಮನೇ ನಮ್ಮಮ್ಮನ ಹತ್ತಿರ ಹೇಳಿ ಅತ್ತರು. ಅವನು ಮೊದಲು ನನ್ನ ಮಾತನ್ನೇ ಎತ್ತಿದನಂತೆ. ಅಪ್ಪ, "ಹೇಗಿದ್ರೂ ನಿಮ್ಮಮ್ಮನ ಶಾಸ್ತ್ರ ಇದೆ, ಏಪ್ರಿಲ್ ತನಕ ಯಾರೂ ಮುಟ್ಟಲ್ಲ ಬಿಡು," ಎಂದರಂತೆ. ಅಲ್ಲಿಗೆ ಕೆಲಸ ಮುಗಿದಿತ್ತು. ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದರೆ ಸಾಕಿತ್ತು. ಆದರೆ 'ಶಾಸ್ತ್ರ' ಎಂಬ ಪದ ಕಿವಿಗೆ ಬಿದ್ದ ಕೂಡಲೇ ಅವನೊಳಗಿನ ಹೋರಾಟಗಾರ ಎದ್ದು ನಿಂತ. ಗೋಡೆಗೂ ಗರ್ಭಕ್ಕೂ ಗಂಟು ಹಾಕುವುದು ಹೆಣ್ಣಿನ ಮೇಲಿನ ದಬ್ಬಾಳಿಕೆ, ಇದನ್ನು ಇವತ್ತೇ ಮುರಿಯಬೇಕು ಎಂದು ಎರಡು ಗಂಟೆ ಮಾತಾಡಿದ. ದಬ್ಬಾಳಿಕೆಗೆ ಒಳಗಾದ ಅಕ್ಕ ನಿದ್ದೆ ಬರುತ್ತಿದೆ ಎಂದು ನಡುವೆಯೇ ಎದ್ದು ಹೋದಳು. ಕೊನೆಗೆ ಅಮ್ಮ, "ನಿನ್ ಜೊತೆ ಮಾತಾಡಿ ಗೆಲ್ಲೋಕಾಗುತ್ತೇನಪ್ಪಾ? ಏನಾದ್ರೂ ಮಾಡ್ಕೊಳ್ಳಿ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವನು ನಿಜವಾಗಿ ಎದುರಿಸಿ ಸೋಲಿಸಿದ ಶಕ್ತಿ ಜಗತ್ತಿನಲ್ಲಿ ಅದೊಂದೇ: ಅವನ ಅಮ್ಮ.

ನಾನು ಅವನನ್ನು ಗೇಟಿನ ಹತ್ತಿರ ಹಿಡಿದೆ.

"ರೇಣುಕಾ ಪರೀಕ್ಷೆ ಕಥೆ ಏನೋ?"

"ಅದು ಸಿಸ್ಟಮ್ ಪ್ರಶ್ನೆ ಗುರು. ಒಂದು ಮನೆ ಉಳಿಸಿದ್ರೆ ಅದು ಚಾರಿಟಿ ಆಗುತ್ತೆ, ಜಸ್ಟಿಸ್ ಆಗಲ್ಲ."

"ಚಾರಿಟಿನೇ ಮಾಡು ಮಗಾ. ಆರು ವಾರ ಮಾಡು, ಸಾಕು."

"ನೀನು ತುಂಬಾ ಸಣ್ಣದಾಗಿ ಯೋಚನೆ ಮಾಡ್ತೀಯಾ," ಎಂದು ನನ್ನ ಭುಜ ತಟ್ಟಿದ. ಆ ತಟ್ಟಿದ ರೀತಿಯಲ್ಲಿ ಕೋಪ ಇರಲಿಲ್ಲ, ಕರುಣೆ ಇತ್ತು. ಅದೇ ನನಗೆ ಸಹಿಸಲಾಗಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ಹುಡುಗಿ ನಮ್ಮ ಮನೆಯಲ್ಲಿರಲಿ ಎಂದು ನಮ್ಮಮ್ಮ ಕೇಳಿದಳು. "ತಪ್ಪ ತಿಳ್ಕೋಬ್ಯಾಡ್ರಿ ಅವ್ವಾರ, ಬೆಳದ ಹುಡುಗೀನ ಹ್ಯಾಂಗ ಬಿಟ್ಟು ಹೋಗೂದ್ರಿ," ಎಂದ ಅವಳ ಅಪ್ಪ. ನಮ್ಮ ಮನೆಯಲ್ಲಿ ಮದುವೆಯಾಗದ ನಾನಿದ್ದೇನೆ. ಆತನ ಮಾತಿನಲ್ಲಿ ತಪ್ಪು ತಿಳಿಯುವಂಥದ್ದು ಏನೂ ಇರಲಿಲ್ಲ.

ಫೆಬ್ರವರಿ 23, ಭಾನುವಾರ. ಚಿಕ್ಕ ಟೆಂಪೊ ಬಂತು. ಪಾತ್ರೆ, ಹಾಸಿಗೆ, ಸಿಲಿಂಡರ್ ಏರಿದವು. ರೇಣುಕಾ ಮಡಿಸಿದ ಬಟ್ಟೆ ತುಂಬಿದ ಪ್ಲಾಸ್ಟಿಕ್ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಆಗ ಅವನು ಮಣಿಸರ ಹಾಕಿಕೊಂಡು, ಫೋನು ಹಿಡಿದುಕೊಂಡು ಇಳಿದು ಬಂದ. ದನಿಯಿಲ್ಲದವರ ದನಿಯನ್ನು ಜಗತ್ತಿಗೆ ಮುಟ್ಟಿಸಬೇಕಂತೆ.

"ರೇಣುಕಾ, ನಿನ್ ಮನಸ್ಸಲ್ಲಿ ಏನಿದೆ, ಓಪನ್ ಆಗಿ ಹೇಳು. ನಾನು ಕೇಳ್ತೀನಿ."

ಫೋನು ಹಿಡಿದಿದ್ದರಿಂದ ಅವನು ಆಗ ಕಣ್ಣು ಮುಚ್ಚುವಂತಿರಲಿಲ್ಲ. ರೇಣುಕಾ ಅವನನ್ನು ನೆಟ್ಟಗೆ ನೋಡಿದಳು.

"ಎಷ್ಟ ಒಗದ್ರೂ, ಎಲ್ಲಿ ಒಗದ್ರೂ, ನಾ ಪರೀಕ್ಷಾ ಬರದ ಬರೀತೀನ್ರಿ. ಸ್ವಲ್ಪ ಸರೀರಿ, ಗಾಡಿ ಹೊಂಡಬೇಕು."

ಅವನು ಸರಿದ. ಗಾಡಿ ಹೊರಟಿತು. ಮಧ್ಯಾಹ್ನ ಜೆಸಿಬಿ ಬಂತು.

ಮಾರ್ಚ್‌ನಲ್ಲಿ ವಿದೇಶದ ಗೆಳೆಯರು ಬರಲಿಲ್ಲ. ಹಣ ಬರುವುದು ತಡವಾಯಿತಂತೆ, ಆಮೇಲೆ ಅವರಿಗೆ ಬೇರೆ ದೇಶದ ಅನ್ಯಾಯ ಸಿಕ್ಕಿತಂತೆ. ಸೈಟಿನಲ್ಲಿ ಗೋಡೆಯ ಅವಶೇಷ ಹಾಗೇ ಬಿದ್ದಿತ್ತು. ಬೀದಿ ನಾಯಿಯೊಂದು ಇಟ್ಟಿಗೆ ರಾಶಿಯ ನೆರಳಿನಲ್ಲಿ ಮರಿ ಹಾಕಿತು. ಅವನ ಅಕ್ಕನಿಗೆ ಡಾಕ್ಟರ್ ಹೇಳಿದ ಹೊತ್ತಿಗೇ, ವಿಜಯನಗರದಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಆರೋಗ್ಯವಾಗಿದ್ದಾರೆ. ಅಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು.

ರೇಣುಕಾ ಐದು ಪೇಪರ್ ಬರೆದಳು. ಗಣಿತದ ಹಿಂದಿನ ರಾತ್ರಿ ಕೆಂಗೇರಿ ಕಡೆ ಮಳೆ ಬಂದು ಮಣ್ಣುದಾರಿ ಕೆಸರಾಯಿತು. ಮೊದಲ ಬಸ್ಸು ತಪ್ಪಿತು. ಅವಳು ಸುಂಕದಕಟ್ಟೆಯಲ್ಲಿ ಇಳಿದು ಓಡುತ್ತ ಬಂದಾಗ ಪರೀಕ್ಷಾ ಕೇಂದ್ರದ ಗೇಟು ಹಾಕಿತ್ತು. ಅಲ್ಲಿಂದ ನಮ್ಮ ಮನೆಗೆ ನಡೆದು ಬಂದು ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಪ್ರಶ್ನೆಪತ್ರಿಕೆ ಯಾರ ಹತ್ತಿರವಾದರೂ ಸಿಗುತ್ತದೆಯೇ ಎಂದು ಕೇಳಿದಳು. ಸಂಜೆ ತರಿಸಿಕೊಟ್ಟೆ. ಅಲ್ಲೇ ಕೂತು ಅದನ್ನು ಪೂರ್ತಿ ಮಾಡಿದಳು. ನಾನು ತಿದ್ದಿದೆ. ಪಾಸಾಗಿದ್ದಳು, ನನ್ನ ಮೆಟ್ಟಿಲ ಮೇಲೆ.

ಮೇ ತಿಂಗಳಲ್ಲಿ ಅವನು ನನಗೆ ಒಂದು ವಿಡಿಯೊ ಕಳಿಸಿದ. 'ಗುರು, ನೋಡು, ವೈರಲ್!' ನೋಡಿದೆ. ಟೆಂಪೊ ಕಾಣದಂತೆ ಕತ್ತರಿಸಿದ್ದ. ಬುಟ್ಟಿ ಹಿಡಿದ ರೇಣುಕಾ ಒಬ್ಬಳೇ, ಹಿಂದೆ ಮೆಲುವಾದ ಸಂಗೀತ. ಬಾದಾಮಿ ಕಡೆ 'ಒಗಿ' ಎಂದರೆ ಎಸೆ, ಬಿಸಾಕು ಎಂದೇ ಮೊದಲ ಅರ್ಥ. ನಮ್ಮ ಕಡೆ ಒಗೆಯುವುದು ಬಟ್ಟೆಯನ್ನು ಮಾತ್ರ. 'ನೀವು ನಮ್ಮನ್ನು ಎಲ್ಲಿಗೆ ಎಸೆದರೂ' ಎಂದು ಅವಳು ಹೇಳಿದ್ದಕ್ಕೆ ಅವನು ಕೆಳಗೆ ಇಂಗ್ಲಿಷಿನಲ್ಲಿ ಕೊಟ್ಟಿದ್ದ ಅರ್ಥ ಇದು: 'ಎಷ್ಟೇ ಬಟ್ಟೆ ಒಗೆದರೂ, ಎಲ್ಲೇ ಒಗೆದರೂ, ನಾನು ಪರೀಕ್ಷೆ ಬರೆದೇ ಬರೆಯುತ್ತೇನೆ.' ಬಟ್ಟೆ ಒಗೆದು ಓದುವ ಹುಡುಗಿ. ದೇಶದೇಶದವರು ಕಣ್ಣೀರಿನ ಚಿತ್ರ ಹಾಕಿದ್ದರು. ಈ ಎಂ.ಎ. ಸೀಟಿಗೆ ಅರ್ಜಿ ಹಾಕುವಾಗಲೂ ಅದನ್ನೇ ಜೊತೆಗೆ ಕಳಿಸಿದನಂತೆ. ಸೀಟು ಸಿಕ್ಕಿತು.

ನಾನು ಅವನಿಗೆ ಏನೂ ಬರೆಯಲಿಲ್ಲ. ಮಾತು ಅವಳದು, ತಿದ್ದುವುದಾದರೆ ಅವಳೇ ತಿದ್ದಲಿ ಎಂದುಕೊಂಡೆ.

ರೇಣುಕಾ ಗಣಿತವನ್ನು, ತಪ್ಪಿದವರಿಗೆಂದು ನಡೆಸುವ ಎರಡನೆಯ ಪರೀಕ್ಷೆಯಲ್ಲಿ ಬರೆದಳು. ಜೂನ್‌ನಲ್ಲಿ ಫಲಿತಾಂಶ ಬಂದ ದಿನ ಪೇಡ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ನಮ್ಮಮ್ಮ ಅವಳ ಬಾಯಿಗೂ ಒಂದು ಹಾಕಿದಳು. ಆಗ ವಿಡಿಯೊ ತೋರಿಸಿದೆ. ಕೆಳಗಿನ ಇಂಗ್ಲಿಷನ್ನು ಬಿಡಿಸಿ ಹೇಳಿದೆ. ಅವಳು ಎರಡು ಸಲ ನೋಡಿದಳು.

"ನಾ ಯಾವಾಗ್ರಿ ಅರಿಬಿ ತೊಳಿಯೂ ಮಾತ ಆಡಿದ್ದು? ಕೊಡ್ರಿ ಇಲ್ಲಿ."

ಫೋನು ತೆಗೆದುಕೊಂಡು, ಆ ಕಣ್ಣೀರುಗಳ ಕೆಳಗೆ, ನನ್ನ ಖಾತೆಯಿಂದಲೇ ಕನ್ನಡದಲ್ಲಿ ಬರೆದಳು: 'ಒಗಿಯೋದು ಅಂದ್ರ ಬಿಸಾಕೋದು. ಬಿಸಾಕಿದವರು ನೀವು. ನಾ ಪಾಸಾಗೀನಿ. ರೇಣುಕಾ.'

ನಾವಿಬ್ಬರೂ ಪರದೆ ನೋಡುತ್ತ ಕೂತೆವು. ಪೇಡದ ಡಬ್ಬಿ ಮುಚ್ಚುವಷ್ಟರಲ್ಲಿ ಅವನ ಉತ್ತರ ಬಂತು. ಒಂದು ಕೆಂಪು ಹೃದಯ, ಅದರ ಪಕ್ಕ ಮುಗಿದ ಎರಡು ಕೈ.

ರೇಣುಕಾ ಫೋನನ್ನು ನನ್ನ ಕೈಗೆ ಕೊಟ್ಟಳು.

"ಅವರು ಓದಿಲ್ರಿ ಅಣ್ಣಾರ," ಎಂದಳು. ಚಪ್ಪಲಿ ಮೆಟ್ಟಿಕೊಂಡಳು. ಕಾಲೇಜಿಗೆ ಅರ್ಜಿ ಹಾಕಲು ನಾಳೆ ಕೊನೆಯ ದಿನ, ಈ ಬಸ್ಸು ಬಿಟ್ಟರೆ ಆಗುವುದಿಲ್ಲ ಎನ್ನುತ್ತ ಗೇಟು ದಾಟಿ ಹೋದಳು.